ಅಪ್ಪನ ಹನ್ನೊಂದು ಅಂಕಿ

ಸಂಖ್ಯೆಗಳಲ್ಲಿ ಏನೋ ಶಕ್ತಿ ಇದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಬೈಕು ಕೊಳ್ಳುವಾಗ ನಂಬರಿನ ಅಂಕಿಗಳನ್ನು ಕೂಡಿದರೆ ಒಂಬತ್ತೇ ಬರಬೇಕು ಎಂದು ಹಟ ಹಿಡಿಯುವವರು, ಎಂಟು ಶನಿಯದು ಎಂದು ಮೊಬೈಲ್ ನಂಬರನ್ನೇ ಬದಲಿಸುವವರು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೇ ಇದ್ದಾರೆ. ನಾನು ಕೊಪ್ಪಳದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಸಂಖ್ಯೆಗೆ ಯಾರ ಮೇಲೂ ಪ್ರೀತಿಯಿಲ್ಲ, ಸಿಟ್ಟೂ ಇಲ್ಲ, ಅದಕ್ಕೆ ನಿಮ್ಮ ಮನೆಯ ವಿಳಾಸ ಗೊತ್ತಿಲ್ಲ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತ ಬಂದಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಮೊದಲಿನಷ್ಟು ಗಂಟಲೆತ್ತಿ ಹೇಳಲು ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಎಂಬುದನ್ನು ಒಮ್ಮೆ ಬರೆದು ನೋಡೋಣ ಎಂದು ಕೂತಿದ್ದೇನೆ. ನೀವು ನಂಬಬೇಕೆಂದೇನಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊದಲು ಅಪ್ಪನ ಕೆಲಸದ ಬಗ್ಗೆ ಹೇಳಬೇಕು. ಅವನು ರೈಲ್ವೆ ಗೇಟ್‌ಮನ್ ಆಗಿದ್ದ. ಗಿಣಿಗೇರಾದ ಕಡೆ ಒಂದು ಗೇಟು. ಈಗ ಅಲ್ಲಿ ಮೇಲ್ಸೇತುವೆ ಆಗಿ, ಗೇಟು ಇತ್ತೆಂಬ ಗುರುತೂ ಉಳಿದಿಲ್ಲ. ಗೇಟಿನ ಹಿಂದೆಯೇ ನಮ್ಮ ಮನೆ. ನಾನು ಮತ್ತು ನನ್ನ ತಮ್ಮ ಬೆಳೆದದ್ದು ಅದಿರು ತುಂಬಿದ ಗೂಡ್ಸ್ ಗಾಡಿಗಳ ಸದ್ದಿನಲ್ಲಿ. ಗಾಡಿ ಹೊರಡುವ ಮುಂಚೆ ಸ್ಟೇಷನ್ನಿನಿಂದ ಅಪ್ಪನಿಗೆ ಫೋನ್ ಬರುತ್ತಿತ್ತು. ಅವನು ಎದ್ದು ಹೋಗಿ ಹ್ಯಾಂಡಲ್ ತಿರುವಿ ಗೇಟು ಇಳಿಸಿ, ಬೀಗ ಹಾಕಿ, ಮತ್ತೆ ಫೋನ್ ಹಿಡಿದು ಎರಡಂಕಿಯ ಒಂದು ಸಂಖ್ಯೆ ಹೇಳುತ್ತಿದ್ದ. ಅತ್ತಲಿಂದ ಸ್ಟೇಷನ್ ಮಾಸ್ತರರು ತಮ್ಮದೊಂದು ಸಂಖ್ಯೆ ಹೇಳುತ್ತಿದ್ದರು. ಪ್ರೈವೇಟ್ ನಂಬರ್ ಎಂದು ಅದಕ್ಕೆ ಹೆಸರು. ಆ ಸಂಖ್ಯೆಗಳಿಗೆ ಬೇರೆ ಅರ್ಥವೇನೂ ಇಲ್ಲ. ನಿನ್ನ ಮಾತು ಕೇಳಿಸಿತು, ನನ್ನ ಕೆಲಸ ಆಯಿತು ಎಂಬುದಕ್ಕೆ ಅದೊಂದು ಗುರುತು, ಅಷ್ಟೇ. ಒಮ್ಮೆ ಹೇಳಿದ ಸಂಖ್ಯೆಯನ್ನು ಹಾಳೆಯಲ್ಲಿ ಹೊಡೆದು ಹಾಕುತ್ತಿದ್ದರು. ಆ ಹಾಳೆ ಮುಗಿಯುವ ತನಕ ಅದನ್ನು ಮತ್ತೆ ಹೇಳುವ ಹಾಗಿಲ್ಲ. ಎರಡೂ ಕಡೆಯ ನಂಬರು ಆಗದೆ ಗಾಡಿಗೆ ಸಿಗ್ನಲ್ ಇಲ್ಲ.

ಗಾಡಿ ಹಾಯುವಾಗ ಅಪ್ಪ ಹಸಿರು ಬಾವುಟ ಹಿಡಿದು ನಿಂತು, ಬೋಗಿಗಳ ಮೈಮೇಲೆ ಬರೆದ ಉದ್ದುದ್ದ ಸಂಖ್ಯೆಗಳನ್ನು ಬಾಯಲ್ಲೇ ಓದುತ್ತಿದ್ದ. ಅದು ಅವನ ಕೆಲಸವೇನಲ್ಲ, ಹೊತ್ತು ಕಳೆಯುವ ಚಟ. ನಾನು ಅಂಕಿ ಕಲಿತದ್ದು ಅವನ ಪಕ್ಕದಲ್ಲಿ ನಿಂತು, ಓಡುವ ಬೋಗಿಗಳ ಮೇಲೆ.

ನಿವೃತ್ತಿಯಾದ ಮೇಲೆ ಅಪ್ಪ ಮತ್ತು ಅವ್ವ ಭಾಗ್ಯನಗರದಲ್ಲಿ ನನ್ನ ಮನೆಗೆ ಬಂದರು. ಎರಡು ಸಾವಿರದ ಹದಿನೇಳರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನ ಬೆಳಿಗ್ಗೆ, ನಾನು ಬಾಯಿಗೆ ಚಹಾ ಹಾಕುತ್ತಿರುವಾಗ, ಅವನ ಬಾಯಿಂದ ಅಂಕಿಗಳು ಬಂದವು. ಎರಡು, ಎರಡು, ಒಂದು, ಐದು, ಒಂದು, ಒಂಬತ್ತು, ನಾಲ್ಕು, ಸೊನ್ನೆ, ಏಳು, ಮೂರು, ಎಂಟು. ಸ್ವಲ್ಪ ತೊದಲಿದರೂ ಒಂದೊಂದೂ ತಿಳಿಯುತ್ತಿತ್ತು. ಹೇಳಿ ಮುಗಿಸಿ ನನ್ನ ಮುಖ ನೋಡಿದ. ನಾನು ಅವನ ಗಲ್ಲ ಒರೆಸಿದೆ. ಮತ್ತೆ ಹೇಳಿದ. ಅದೇ ಹನ್ನೊಂದು ಅಂಕಿ, ಅದೇ ಕ್ರಮ. ಆ ದಿನದಿಂದ ಅವನಿಗೆ ಬೇರೆ ಮಾತು ಬರಲೇ ಇಲ್ಲ.

ಡಾಕ್ಟರು ಇದಕ್ಕೆ ಆಶ್ಚರ್ಯಪಡಲಿಲ್ಲ. "ಕೆಲವರಿಗೆ ಬೈಗುಳ ಉಳಿತಾವ, ಕೆಲವರಿಗೆ ದೇವರ ಹೆಸರು. ಇವರಿಗೆ ಅಂಕಿ ಉಳದಾವ. ಅದರಾಗ ಅರ್ಥ ಹುಡುಕಬ್ಯಾಡ್ರಿ," ಎಂದರು. ಅಪ್ಪನ ಎಡಗೈ ಮಾತ್ರ ಹಾಸಿಗೆಯ ಮೇಲೆ ಸುತ್ತಿ ಸುತ್ತಿ ಆಡುತ್ತಲೇ ಇರುತ್ತಿತ್ತು. ಅದಕ್ಕೂ ಅವರು ಏನೋ ಒಂದು ಹೆಸರು ಹೇಳಿ, ಚಿಂತೆ ಬೇಡ ಎಂದರು.

ಗಂಗಾವತಿಯಲ್ಲಿ ಅಂಗಡಿ ಇಟ್ಟಿರುವ ನನ್ನ ತಮ್ಮ ಬಂದವನೇ, ಇದು ಯಾರದೋ ಫೋನ್ ನಂಬರು ಎಂದು ತೀರ್ಮಾನಿಸಿಬಿಟ್ಟ. ಒಂದು ಅಂಕಿ ಹೆಚ್ಚಾಗಿದೆ ಎಂದು ಮೊದಲನೆಯದನ್ನು ಬಿಟ್ಟು ಫೋನ್ ಹಚ್ಚಿದ, ಕೊನೆಯದನ್ನು ಬಿಟ್ಟು ಹಚ್ಚಿದ, ಮುಂದೆ ಸೊನ್ನೆ ಸೇರಿಸಿ ಹಚ್ಚಿದ. ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಫೋನಿನೊಳಗಿನ ಹೆಂಗಸು ಮೂರು ಭಾಷೆಗಳಲ್ಲಿ ಹೇಳಿದಳು. ಪೆನ್ಶನ್, ಬ್ಯಾಂಕು, ವಿಮೆ, ಗ್ಯಾಸು, ಆಧಾರ್, ಎಲ್ಲದರ ನಂಬರುಗಳನ್ನು ತೆಗೆದು ನೋಡಿದೆವು. ಯಾವುದೂ ಅಲ್ಲ.

ಇಷ್ಟರಲ್ಲಿ ಸುದ್ದಿ ಓಣಿಗೆ ಹಬ್ಬಿತ್ತು. ಪಕ್ಕದ ಮನೆಯ ಶರಣಪ್ಪ ವಿಗ್ಗಿಗೆ ಕೂದಲು ಕಳಿಸುವ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಓಸಿ, ಅಂದರೆ ಮಟ್ಕಾ, ಆಡುವ ಹುಚ್ಚು. ನಮ್ಮ ಕಡೆ ಯಾರಾದರೂ ಮೈಮೇಲೆ ಎಚ್ಚರವಿಲ್ಲದೆ ಅಂಕಿ ಆಡಿದರೆ ಸಾಕು, ಅದು ಇವತ್ತಿನ ನಂಬರು ಎಂದು ಓಸಿಯವರು ಓಡಿಬರುತ್ತಾರೆ. ಅವರಿಗೆ ಬೇಕಾದದ್ದು ಎರಡೇ ಅಂಕಿ. ಹನ್ನೊಂದರಲ್ಲಿ ಮೊದಲಿನ ಒಂಬತ್ತನ್ನು ಬಿಟ್ಟು ಕೊನೆಯ ಮೂವತ್ತೆಂಟನ್ನು ಶರಣಪ್ಪ ಹಿಡಿದುಕೊಂಡ. ದುರದೃಷ್ಟಕ್ಕೆ ಅದೇ ವಾರ ಅದು ಒಮ್ಮೆ ಹತ್ತಿಬಿಟ್ಟಿತು. ಮುಂದೆ ಕೇಳಬೇಕೆ? ಬಾಳೆಹಣ್ಣು, ಬ್ರೆಡ್ಡು ಹಿಡಿದು ಅಪ್ಪನನ್ನು ನೋಡುವ ನೆಪದಲ್ಲಿ ಗುರುತೇ ಇಲ್ಲದವರು ಬಂದು ಮಂಚದ ಪಕ್ಕ ಕೂರತೊಡಗಿದರು. ಕುಷ್ಟಗಿಯಿಂದ ಒಬ್ಬ ಬಂದಿದ್ದ. ಅಪ್ಪ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಹನ್ನೊಂದೂ ಹೇಳಿ, ಉತ್ತರಕ್ಕೆ ಕಾಯುವವನ ಹಾಗೆ ಅವರ ಮುಖ ನೋಡುತ್ತಿದ್ದ. ಅವರು ಕೈಮುಗಿದು ಎದ್ದು ಹೋಗುತ್ತಿದ್ದರು. ಒಂದು ದಿನ ನಾನು ಪೊರಕೆ ಹಿಡಿದು ಬಾಗಿಲಲ್ಲಿ ನಿಂತ ಮೇಲೆ ಆ ಜಾತ್ರೆ ಮುಗಿಯಿತು.

ಮುಗಿಯದಿದ್ದದ್ದು ಅವ್ವನ ಪ್ರಶ್ನೆ. ಅವ್ವ ಶಾಲೆಗೆ ಹೋದವಳಲ್ಲ. ಅಪ್ಪ ಮಲಗಿದ ದಿನದಿಂದ ಅವನ ಕಾಲು ತಿಕ್ಕುತ್ತ, ಬಟ್ಟೆ ಬದಲಿಸುತ್ತ, ಅವನೊಡನೆ ಮನೆಯ ಸುದ್ದಿಯನ್ನೆಲ್ಲ ಮಾತಾಡುತ್ತಿದ್ದಳು. ಒಂದು ಸಂಜೆ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಕೇಳಿದಳು.

"ಇಷ್ಟ ದಿನಾ ಮಾತಾಡೀನಿ. ಅವರಿಗೆ ಮುಟ್ಟತೈತೋ ಇಲ್ಲೋ ನನಗ ಗೊತ್ತಿಲ್ಲ. ನೀ ಲೆಕ್ಕದಾಕಿ ಅದೀ. ಅವರ ಬಾಯಾಗ ಉಳದದ್ದೂ ಲೆಕ್ಕಾನ. ಅವರು ಒಳಗ ಅದಾರೋ ಇಲ್ಲೋ, ಅಷ್ಟ ಹೇಳು."

ಅದಾರೆ ಎಂದು ಸಮಾಧಾನಕ್ಕೆ ಹೇಳಿಬಿಡಬಹುದಿತ್ತು. ನನ್ನ ಬಾಯಿಂದ ಹಾಗೆ ಸುಳ್ಳು ಬರುವುದಿಲ್ಲ. ನೋಡಿ ಹೇಳುತ್ತೇನೆ ಎಂದೆ. ಅಲ್ಲಿಂದ ನನ್ನ ನೆಮ್ಮದಿ ಹೋಯಿತು.

ಆ ಹನ್ನೊಂದು ಅಂಕಿಯನ್ನು ಒಂದೇ ಸಂಖ್ಯೆಯಾಗಿ ಬರೆದೆ: 22151940738. ಎರಡು ಸಾವಿರ ಕೋಟಿಗೂ ಮಿಗಿಲಾದ ಒಂದು ಪೂರ್ಣಸಂಖ್ಯೆ. ಇದರಲ್ಲಿ ಏನಾದರೂ ವಿಶೇಷ ಇದ್ದರೆ ಅಪ್ಪನ ತಲೆ ಅದನ್ನು ಆರಿಸಿಕೊಂಡಿದೆ ಎಂದಾಗುತ್ತದೆ. ಇಲ್ಲದಿದ್ದರೆ ಡಾಕ್ಟರು ಹೇಳಿದ್ದೇ ನಿಜ. ಹೀಗೆ ಯೋಚಿಸಿ, ಹುಡುಗರಿಗೆ ಕಲಿಸುವ ಕ್ರಮದಲ್ಲೇ ಅದನ್ನು ಬಿಡಿಸುತ್ತ ಕೂತೆ. ಅಂಕಿಗಳನ್ನು ಕೂಡಿದರೆ ನಲವತ್ತೆರಡು. ಅಂದರೆ ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ. ಎರಡರಿಂದ ಆಗುತ್ತದೆ, ನಾಲ್ಕರಿಂದ ಆಗುವುದಿಲ್ಲ. ಆರರಿಂದ ಭಾಗಿಸಿದರೆ ಬರುವ 3691990123 ನನ್ನ ಕೈಗೆ ಸಿಗಲೇ ಇಲ್ಲ. ಏಳು, ಹನ್ನೊಂದು, ಹದಿಮೂರು ಎಂದು ಐವತ್ತರೊಳಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡಿದೆ, ಒಂದೂ ಹತ್ತಲಿಲ್ಲ.

ಆರರ ಗುಣಕವಾದದ್ದರಿಂದ ಅದು ಸಮೃದ್ಧ ಸಂಖ್ಯೆ. ಅಂದರೆ ತನ್ನನ್ನು ಭಾಗಿಸುವ ಸಣ್ಣ ಸಂಖ್ಯೆಗಳನ್ನೆಲ್ಲ ಕೂಡಿಸಿದರೆ ತನಗಿಂತ ಹೆಚ್ಚಾಗುವಂಥದ್ದು. ಎಂಟರಿಂದ ಕೊನೆಯಾಗುವುದರಿಂದ ವರ್ಗಸಂಖ್ಯೆ ಅಲ್ಲ. ಮೂರು ಒಮ್ಮೆ ಮಾತ್ರ ಹೋಗುವುದರಿಂದ ಯಾವ ಎರಡು ವರ್ಗಗಳನ್ನು ಕೂಡಿಸಿಯೂ ಅದನ್ನು ಪಡೆಯಲಾಗದು. ಎರಡು ಒಮ್ಮೆ ಮಾತ್ರ ಹೋಗುವುದರಿಂದ ಒಂದು ವರ್ಗದಿಂದ ಇನ್ನೊಂದನ್ನು ಕಳೆದೂ ಪಡೆಯಲಾಗದು. ಇಷ್ಟು ತಿಳಿಯಿತು. ಇದರಿಂದ ಅವ್ವನಿಗೆ ಹೇಳುವಂಥದ್ದು ಏನು ಸಿಕ್ಕಿತು? ಏನೂ ಇಲ್ಲ. ಇಂಥ ಗುಣಗಳಿರುವ ಸಂಖ್ಯೆಗಳು ಬೇಕಾದಷ್ಟಿವೆ. ಪಾಠ ಮಾಡುವಾಗ ಬೋರ್ಡಿನ ಮೇಲೆ ಏನೋ ಬರೆಯಲು ಹೋಗಿ ಅದೇ ಸಂಖ್ಯೆ ಬರೆದು ಅಳಿಸುತ್ತಿದ್ದೆ. ಊಟದ ತಟ್ಟೆಯ ಮುಂದೆ ಕೂತರೂ ಕೈ ಅದನ್ನೇ ಗೀಚುತ್ತಿತ್ತು. ಮಂಚದ ಹತ್ತಿರ ಹೋಗಲು ಹೆದರಿಕೆಯಾಗುತ್ತಿತ್ತು, ಯಾಕೆಂದರೆ ಅಪ್ಪ ಹೇಳಿ ಮುಗಿಸಿ ಹಾಗೇ ನೋಡುತ್ತಿದ್ದ.

ಬೋಗಿಯ ನೆನಪು ನನಗೆ ಮೊದಲೇ ಆಗಬೇಕಿತ್ತು. ಆದದ್ದು ಒಂದು ಮಧ್ಯಾಹ್ನ, ಹಳಿಯ ಪಕ್ಕದ ರಸ್ತೆಯಲ್ಲಿ ಸ್ಕೂಟಿಯ ಮೇಲೆ ಹೋಗುತ್ತಿದ್ದಾಗ. ಗೂಡ್ಸ್ ಗಾಡಿಯೊಂದು ನಿಧಾನವಾಗಿ ಹಾಯುತ್ತಿತ್ತು. ಸ್ಕೂಟಿ ನಿಲ್ಲಿಸಿ ನೋಡಿದೆ. ಪ್ರತಿ ಬೋಗಿಯ ಮೇಲೂ ಹನ್ನೊಂದು ಅಂಕಿ. ರೈಲ್ವೆಯಲ್ಲಿ ಕೆಲಸಕ್ಕಿರುವ ನನ್ನ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿ ಕೇಳಿದೆ. ಅವಳು ಬಿಡಿಸಿ ಹೇಳಿದಳು. ಮೊದಲಿನ ಎರಡು ಅಂಕಿ ಬೋಗಿಯ ಜಾತಿ. ಮುಂದಿನ ಎರಡು ಯಾವ ವಲಯದ್ದು ಎಂಬುದು. ಐದು ಮತ್ತು ಆರನೆಯದು ಅದು ತಯಾರಾದ ವರ್ಷ. ಆಮೇಲಿನ ನಾಲ್ಕು ಅದರ ಸ್ವಂತದ್ದು. ಹನ್ನೊಂದನೆಯದು ತಾಳೆಯ ಅಂಕಿ. ಬರೆಯುವವನು ಎಲ್ಲಾದರೂ ತಪ್ಪಿದರೆ ಹಿಡಿಯಲಿ ಎಂದು ಮೊದಲಿನ ಹತ್ತರಿಂದ ಲೆಕ್ಕ ಹಾಕಿ ಕೊನೆಗೆ ಅದನ್ನು ಇಡುತ್ತಾರೆ.

ತಾಳೆಯ ವಿಧಾನ ಸುಲಭದ್ದು. ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನದ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಬೇಕು. ಅದಕ್ಕೆ ಒಂದು, ಮೂರು, ಐದು, ಏಳು, ಒಂಬತ್ತನೆಯ ಸ್ಥಾನದವನ್ನು ಕೂಡಬೇಕು. ಬಂದ ಮೊತ್ತ ಮುಂದಿನ ಹತ್ತಕ್ಕೆ ಮುಟ್ಟಲು ಎಷ್ಟು ಕಡಿಮೆಯೋ ಅದೇ ಕೊನೆಯ ಅಂಕಿ. ನಾನು ರಸ್ತೆ ಬದಿಯಲ್ಲಿ ನಿಂತೇ ಮಾಡಿದೆ. ಎರಡು, ಐದು, ಒಂಬತ್ತು, ಸೊನ್ನೆ, ಮೂರು ಕೂಡಿದರೆ ಹತ್ತೊಂಬತ್ತು, ಮೂರು ಪಟ್ಟು ಐವತ್ತೇಳು. ಉಳಿದವು ಎರಡು, ಒಂದು, ಒಂದು, ನಾಲ್ಕು, ಏಳು, ಕೂಡಿ ಹದಿನೈದು. ಒಟ್ಟು ಎಪ್ಪತ್ತೆರಡು. ಎಂಬತ್ತಕ್ಕೆ ಎಂಟು ಕಡಿಮೆ. ಅಪ್ಪನ ಕೊನೆಯ ಅಂಕಿ ಎಂಟು.

ಅಳು ಬಂತು. ಅಪ್ಪ ಬಾಯಿಗೆ ಬಂದದ್ದನ್ನು ಹೇಳುತ್ತಿಲ್ಲ, ಒಂದು ಬೋಗಿಯನ್ನು ನೆನಪಿಟ್ಟಿದ್ದಾನೆ, ಅವ್ವನಿಗೆ ಹೇಳಬಹುದು ಎಂದುಕೊಂಡೆ. ಸ್ಕೂಟಿ ಚಾಲೂ ಮಾಡುವಾಗ ಐದು ಮತ್ತು ಆರನೆಯ ಅಂಕಿಯ ಕಡೆ ಗಮನ ಹೋಯಿತು. ಒಂದು, ಒಂಬತ್ತು. ತಯಾರಾದ ವರ್ಷ ಎರಡು ಸಾವಿರದ ಹತ್ತೊಂಬತ್ತು. ನಾವಿದ್ದದ್ದು ಹದಿನೇಳರಲ್ಲಿ. ಅಂಥ ಬೋಗಿ ಇನ್ನೂ ಹುಟ್ಟಿಯೇ ಇಲ್ಲ.

ಹಾಗಾದರೆ ಎಲ್ಲೋ ಕಲಸಿಹೋಗಿದೆ ಎಂದುಕೊಂಡೆ. ಬೇರೆ ಅಂಕಿಗಳನ್ನು ಹಾಗೇ ಇಟ್ಟು, ತಾಳೆ ತಪ್ಪದ ಹಾಗೆ ಆ ಜಾಗದಲ್ಲಿ ಯಾವ ವರ್ಷ ಕೂರಬಹುದು ಎಂದು ನೋಡಿದೆ. ಸೊನ್ನೆ ಆರು ಸರಿಯಾಗಿ ಕೂತಿತು. ಎರಡು ಸಾವಿರದ ಆರರಲ್ಲಿ ಅಪ್ಪ ಗೇಟಿನಲ್ಲೇ ಇದ್ದ. ಬೋಗಿ ಅದೇ ವರ್ಷದ್ದು, ಲಕ್ವಾದಿಂದ ಎರಡು ಅಂಕಿ ಕೆಟ್ಟಿವೆ, ಅಷ್ಟೇ. ಇಷ್ಟು ಚೆಂದದ ಉತ್ತರ ಸಿಕ್ಕರೆ ಯಾವ ಗಣಿತದ ಟೀಚರು ಬಿಟ್ಟಾಳು? ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಸೀದಾ ಮಂಚದ ಹತ್ತಿರ ಹೋಗಿ, ತಿದ್ದಿದ ಸಂಖ್ಯೆಯನ್ನು ಅಪ್ಪನಿಗೆ ಹೇಳಿದೆ. "ಎರಡು, ಎರಡು, ಒಂದು, ಐದು, ಸೊನ್ನಿ, ಆರು..."

ಅಪ್ಪನ ಮುಖ ಕೆಂಪಾಯಿತು. ಎಡಗೈಯಿಂದ ಮಂಚದ ಕಬ್ಬಿಣಕ್ಕೆ ಬಡಿದ. ಮೊದಲಿನಿಂದ ಹೇಳಿಕೊಂಡು ಬಂದು, ಒಂದು, ಒಂಬತ್ತು ಎನ್ನುವಾಗ ದನಿ ಏರಿಸಿದ. ನಾನು ಮತ್ತೆ ಸೊನ್ನೆ ಆರು ಎಂದೆ. ಅವನು ಇನ್ನೂ ಜೋರಾಗಿ ಒಂದು ಒಂಬತ್ತು ಎಂದ. ಬಾಯಿಯ ಒಂದು ಬದಿಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಅವರಿಗೆ ಲೆಕ್ಕಾ ಕಲಸಾಕ ಕುಂತೀ ಏನ? ಅವರು ನಂಬರ್ ಕೊಟ್ಟಾರ. ತಿರುಗಿ ಒಂದು ಕೊಡೂದು ಬಿಟ್ಟು ಇದೇನ ಹಚ್ಚೀ," ಎಂದು ನನ್ನನ್ನು ಬೈದು, ಅಪ್ಪನ ಕಡೆ ಬಾಗಿ ಮೆಲ್ಲಗೆ ಹೇಳಿದಳು, "ಹೂಂ. ನಲವತ್ತಾರು."

ಅಪ್ಪ ಸುಮ್ಮನಾದ. ಸದಾ ಸುತ್ತುತ್ತಿದ್ದ ಎಡಗೈ ನಿಂತಿತು. ಕಿಟಕಿಯ ಕಡೆ ಮುಖ ಮಾಡಿ, ಒಂದು ಗೂಡ್ಸ್ ಗಾಡಿ ಹಾಯುವಷ್ಟು ಹೊತ್ತು ಹಾಗೇ ಇದ್ದ. ಆಮೇಲೆ ಅದೇ ಕೈ ಮತ್ತೆ ಸುತ್ತತೊಡಗಿತು, ಈ ಸಲ ಉಲ್ಟಾ. ಆಗ ನನಗೆ ತಿಳಿಯಿತು, ಇಷ್ಟು ದಿನ ಅವನು ಹ್ಯಾಂಡಲ್ ತಿರುವಿ ಗೇಟು ಹಾಕುತ್ತಿದ್ದ, ಈಗ ತೆಗೆಯುತ್ತಿದ್ದಾನೆ. ತೆಗೆದವನು ಕಣ್ಣು ಮುಚ್ಚಿ ನಿದ್ದೆಹೋದ.

ಯಾಕೆ ಹಾಗೆ ಹೇಳಿದೆ ಎಂದು ಅವ್ವನನ್ನು ಕೇಳಿದರೆ, "ಬಾಯಿಗೆ ಬಂತು. ಇಷ್ಟ ವರ್ಷ ಕೇಳಿಲ್ಲೇನ," ಎಂದಳು. ಮರುದಿನ ಅಪ್ಪ ಹನ್ನೊಂದೂ ಹೇಳಿದಾಗ ಅವ್ವ ಮತ್ತೆ ನಲವತ್ತಾರು ಎಂದಳು. ಅಪ್ಪ ತಲೆ ಅಲ್ಲಾಡಿಸಿದ, ಕೈ ನಿಲ್ಲಲಿಲ್ಲ. ಅವ್ವನಿಗೆ ಕೂಡಲೇ ಹೊಳೆಯಿತು. "ಅದು ಆಗಿ ಹೋಗೇತಿ, ಅಲ್ಲ? ತಗೋರಿ, ಹತ್ತು," ಎಂದಳು. ಕೈ ನಿಂತಿತು.

ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವ ಹಾಗಿಲ್ಲ. ಅಪ್ಪನಿಗೆ ಅದು ನೆನಪಿತ್ತು. ಯಾವುದು ಆಗಿಹೋಗಿದೆ ಎಂಬುದೂ ನೆನಪಿತ್ತು. ನಾನು ಒಂದೆರಡು ಸಲ ಬೇಕೆಂದೇ ಹಳೆಯದನ್ನು ಹೇಳಿ ಪರೀಕ್ಷಿಸಿದೆ, ಅವನು ಒಪ್ಪಲಿಲ್ಲ. ಇನ್ನೇನು ಬೇಕಿತ್ತು? ಅವ್ವನನ್ನು ಅಡುಗೆಮನೆಗೆ ಕರೆದು, "ಅದಾನವ್ವ. ಒಳಗ ಅದಾನ," ಎಂದೆ. "ನನಗ ಆವತ್ತ ಗೊತ್ತಾತ ಬಿಡು," ಎಂದು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ಸಂತೋಷದ ಮುಖವನ್ನು ನಾನು ಆ ಮನೆಯಲ್ಲಿ ಬಹಳ ದಿನದಿಂದ ನೋಡಿರಲಿಲ್ಲ.

ಅಂದಿನಿಂದ ಅದೇ ಅವರಿಬ್ಬರ ಸಂಸಾರವಾಯಿತು. ಅಪ್ಪ ಸಂಖ್ಯೆ ಹೇಳುತ್ತಿದ್ದ, ಅವ್ವ ತನ್ನದೊಂದು ಕೊಡುತ್ತಿದ್ದಳು. ಹತ್ತರಿಂದ ಹಿಡಿದು ಸಾಲಾಗಿ ಹೋಗುತ್ತಿದ್ದಳು, ತೊಂಬತ್ತೊಂಬತ್ತು ಮುಗಿದರೆ, "ಇವತ್ತ ಹೊಸಾ ಹಾಳಿ ನೋಡ್ರಿ," ಎಂದು ಹೇಳಿ ಮತ್ತೆ ಹತ್ತಕ್ಕೆ ಬರುತ್ತಿದ್ದಳು. ಅಪ್ಪ ಒಪ್ಪುತ್ತಿದ್ದ. ಒಂದು ಒಂಬತ್ತು ಎಂಬ ಆ ವರ್ಷದ ಅಂಕಿಯನ್ನು ನಾನು ಮರೆತುಬಿಟ್ಟೆ. ಸುಳ್ಳು ಹೇಳಬಾರದು, ಮರೆಯಲು ಪ್ರಯತ್ನಿಸಿದೆ. ಗೂಡ್ಸ್ ಗಾಡಿ ಕಂಡರೆ ಮಾತ್ರ ಬೋಗಿಗಳ ಮೇಲೆ ತಾಳೆ ಹಾಕಿ ನೋಡುವ ಚಟ ನನಗೂ ಹತ್ತಿಕೊಂಡಿತು.

ಹದಿನೆಂಟರ ಮಳೆಗಾಲದಲ್ಲಿ ಅಪ್ಪ ಹೋದ. ನಾನು ಶಾಲೆಯಲ್ಲಿದ್ದೆ. ಅವ್ವ ಜೋಳ ಬೀಸಿಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು. ಶರಣಪ್ಪನ ಹೆಂಡತಿ ಮಂಚದ ಹತ್ತಿರ ಕೂತಿದ್ದಳು. ಅಪ್ಪ ಕೈ ತಿರುವಿದ್ದಾನೆ, ಹನ್ನೊಂದೂ ಹೇಳಿದ್ದಾನೆ, ಬಾಗಿಲ ಕಡೆ ನೋಡಿದ್ದಾನೆ. ಮತ್ತೆ ಹೇಳಿದ್ದಾನೆ. ಪಾಪ, ಆಕೆಗೆ ಏನು ಗೊತ್ತು? ನೀರು ಬೇಕೇನೋ ಎಂದು ಎದ್ದು ಹೋಗಿ ತರುವಷ್ಟರಲ್ಲಿ ಮುಗಿದಿತ್ತು. ಅವ್ವ ಹಿಟ್ಟಿನ ಡಬ್ಬಿ ಹೊತ್ತು ಬಾಗಿಲಿಗೆ ಬಂದಾಗ ಎಲ್ಲರೂ ಸೇರಿದ್ದರು.

ಅವ್ವ ಅಳಲಿಲ್ಲ ಎಂದಲ್ಲ, ಅತ್ತಳು. ಆದರೆ ಮಣ್ಣು ಮಾಡಿ ಬಂದ ಮೇಲೂ, ದಿನದ ಕಾರ್ಯಗಳು ಮುಗಿದ ಮೇಲೂ, ಅವಳಿಗೆ ಇದ್ದದ್ದು ಒಂದೇ ಸಂಕಟ. "ಎಪ್ಪತ್ತೊಂದು ಕೊಡೂದಿತ್ತು. ನಾ ಕೊಡಲಿಲ್ಲ. ಅವರು ಗೇಟ್ ಹಾಕ್ಕೊಂಡು ಹಂಗ ಕುಂತಾರ. ಗಾಡಿ ನಿಂತೇತಿ," ಎನ್ನುತ್ತಿದ್ದಳು. ಊಟಕ್ಕೆ ಕೂತವಳು ಕೈ ತೊಳೆದು ಎದ್ದುಬಿಡುತ್ತಿದ್ದಳು. ಹೊರಗೆ ಹೋಗುತ್ತಿದ್ದಳು, ಒಳಗೆ ಬರುತ್ತಿದ್ದಳು. ಹುಲಿಗೆಮ್ಮನ ಗುಡಿಗೆ ಕರೆದುಕೊಂಡು ಹೋದೆ, ತಮ್ಮ ಗಂಗಾವತಿಗೆ ಕರೆದೊಯ್ದು ತಿಂಗಳು ಇಟ್ಟುಕೊಂಡ. ಏನೂ ಪ್ರಯೋಜನವಾಗಲಿಲ್ಲ. ಎಪ್ಪತ್ತೊಂದನ್ನು ಈಗ ಹೇಳಿಬಿಡು ಎಂದು ನಾನೇ ಒಮ್ಮೆ ಅಂದೆ. "ಯಾರಿಗೆ ಹೇಳಲಿ?" ಎಂದಳು. ಹೀಗೆ ವರ್ಷಗಳು ಕಳೆದವು. ಮನೆಯಲ್ಲಿ ಯಾರೂ ಎಪ್ಪತ್ತೊಂದು ಎನ್ನುತ್ತಿರಲಿಲ್ಲ.

ಆಮೇಲಿನದು ಮೊನ್ನೆ ಮೊನ್ನೆ ಆದದ್ದು ಎನ್ನಬಹುದು. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಯಲ್ಲಿ ತೋರಿಸಲೆಂದು ಕೊಪ್ಪಳ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಿದ್ದೆವು. ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಎದುರಿನ ಲೈನಿನಲ್ಲಿ ಗೂಡ್ಸ್ ಗಾಡಿಯೊಂದು ಬಂದು ನಿಂತಿತು. ಮುಂದೆ ಸಿಗ್ನಲ್ ಕೆಂಪು. ನಮ್ಮ ಎದುರಿಗೇ ಒಂದು ತೆರೆದ ಬೋಗಿ, ಮೈಯೆಲ್ಲ ಅದಿರಿನ ಕೆಂಪು ಧೂಳು. ನನ್ನ ಚಟದಂತೆ ಸಮಸ್ಥಾನದ ಅಂಕಿಗಳನ್ನು ಕೂಡಿದೆ, ಹತ್ತೊಂಬತ್ತು. ಮೂರು ಪಟ್ಟು, ಐವತ್ತೇಳು. ಉಳಿದವು ಹದಿನೈದು. ಎಪ್ಪತ್ತೆರಡು ಬಂತು. ಈ ಲೆಕ್ಕ ನಾನು ಮೊದಲೇ ಮಾಡಿದ್ದೇನೆ ಎನಿಸಿತು. ಆಗ ಸಂಖ್ಯೆಯನ್ನು ಎಡದಿಂದ ಬಲಕ್ಕೆ ಸರಿಯಾಗಿ ಓದಿದೆ.

22151940738.

ಮತ್ತೆ ಓದಿದೆ. ಎದ್ದು ಪ್ಲಾಟ್‌ಫಾರ್ಮಿನ ಅಂಚಿಗೆ ಹೋಗಿ ಓದಿದೆ. ಒಂದು, ಒಂಬತ್ತು, ಎರಡೂ ಇದ್ದವು. ಅವ್ವನಿಗೆ ಹೇಳಬಾರದು ಎಂದುಕೊಂಡೆ, ಆದರೆ ನನ್ನ ಬಾಯಿ ಆಗಲೇ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ಅವ್ವ ಎದ್ದು ನಿಂತಿದ್ದಳು. ನಾನು ಮುಗಿಸುವ ತನಕ ಕಾದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, ಸರಿಯಾಗಿ ಕಾಣದ ಕಣ್ಣಿನಿಂದ ಆ ಬೋಗಿಯ ಕಡೆ ನೋಡುತ್ತ, ಮನೆಯಲ್ಲಿ ಮಂಚದ ಹತ್ತಿರ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದಳು.

"ಹೂಂ. ಎಪ್ಪತ್ತೊಂದು."

ಸಿಗ್ನಲ್ ಹಸಿರಾಯಿತು. ಬೋಗಿಗಳು ಒಂದನ್ನೊಂದು ಎಳೆದು ಸದ್ದು ಮಾಡಿದವು, ಗಾಡಿ ಹೊರಟಿತು. ಅವ್ವ ಕೊನೆಯ ಬೋಗಿ ದಾಟುವ ತನಕ ನಿಂತಿದ್ದು, ಎಡಗೈಯನ್ನು ಗಾಳಿಯಲ್ಲಿ ಉಲ್ಟಾ ತಿರುವಿದಳು. ಬಂದು ಕೂತು, ಚೀಲದಿಂದ ರೊಟ್ಟಿ ತೆಗೆದು, "ಹಸಿವಾಗೇತಿ, ತಿನ್ನೂಣು ಬಾ," ಎಂದಳು. ಅಪ್ಪ ಹೋದ ಮೇಲೆ ಅವಳ ಬಾಯಿಂದ ಹಸಿವು ಎಂಬ ಮಾತು ಕೇಳಿದ್ದು ಅದೇ ಮೊದಲು.

ಇದನ್ನು ನಾನು ಕೆಲವರಿಗೆ ಹೇಳಿದ್ದೇನೆ. ನಮ್ಮ ಶಾಲೆಯ ವಿಜ್ಞಾನದ ಸರ್, "ನೀವು ಆಮ್ಯಾಲೆ ಜೋಡಿಸ್ಕೊಂಡೀರಿ ಮೇಡಂ. ತಲಿ ಹಂಗ ಮಾಡತೈತಿ," ಎಂದರು. ಇರಬಹುದು ಎಂದು ತಮ್ಮನನ್ನು ಕೇಳಿದೆ. ಒಂದು ಒಂಬತ್ತು ಇತ್ತು, ನಾನೇ ಆ ನಂಬರಿಗೆ ಫೋನ್ ಹಚ್ಚಿದ್ದೆನಲ್ಲ ಎಂದ. ಶರಣಪ್ಪನಿಗೆ ಮೂವತ್ತೆಂಟರ ಹೊರತು ಏನೂ ನೆನಪಿಲ್ಲ. ಸಿಗ್ನಲ್ ತನ್ನ ಹೊತ್ತಿಗೆ ತಾನು ಹಸಿರಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಇಷ್ಟೊಂದು ಬೋಗಿಗಳು ಓಡಾಡುವ ದಾರಿಯಲ್ಲಿ ಒಂದು ಬೋಗಿ ಕಣ್ಣಿಗೆ ಬೀಳುವುದೂ ದೊಡ್ಡದಲ್ಲ. ಆದರೆ ಇನ್ನೂ ತಯಾರಾಗದ ಬೋಗಿಯ ಸಂಖ್ಯೆ, ತಾಳೆಯ ಅಂಕಿಯ ಸಮೇತ, ಮಂಚದ ಮೇಲೆ ಮಲಗಿದ್ದ ನಮ್ಮಪ್ಪನ ಬಾಯಿಗೆ ಹೇಗೆ ಬಂತು? ನಾನು ತಿದ್ದಲು ಹೋದಾಗ ಯಾಕೆ ಒಪ್ಪಲಿಲ್ಲ? ಇದಕ್ಕೆ ಯಾವ ಕಡೆಯಿಂದ ಲೆಕ್ಕ ಶುರು ಮಾಡಬೇಕು ಎಂಬುದೇ ನನಗೆ ತಿಳಿಯುತ್ತಿಲ್ಲ.

ಕಣ್ಣಿನ ಆಪರೇಷನ್ ಆಗಿ ಬಂದ ಮೇಲೆ ಒಂದು ದಿನ ಅವ್ವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಐದು ಮತ್ತು ಆರನೆಯ ಅಂಕಿ ವರ್ಷದ್ದು, ಅಪ್ಪ ಹೇಳುವಾಗ ಆ ವರ್ಷವೇ ಬಂದಿರಲಿಲ್ಲ, ಆ ಬೋಗಿ ಹುಟ್ಟುವ ಮುಂಚೆಯೇ ಅಪ್ಪ ಅದರ ನಂಬರು ಹೇಳಿದ್ದಾನೆ, ಇದು ಆಗುವ ಮಾತಲ್ಲ ಎಂದೆ. ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಇದರಲ್ಲಿ ಗಾಬರಿಯಾಗುವಂಥದ್ದು ಏನು ಕಂಡೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

"ಗಾಡಿ ಬರೂಕಿಂತ ಮೊದಲ ಗೇಟಿಗೆ ಹೇಳ್ತಾರವಾ," ಎಂದಳು. "ಬಂದ ಮ್ಯಾಲೆ ಹೇಳಿದ್ರ, ಗೇಟ್ ಹಾಕೂದು ಯಾವಾಗ?"